ಸಹಾಯ ಬೇಕು: ಆಸ್ಟ್ರೇಲಿಯಾದ ಮಹಿಳಾ ಫುಟ್‌ಬಾಲ್ ಲೀಗ್ ಬಲ್ಲವರು ತಿಳಿಸಿ

ಎಲ್ಲರಿಗೂ ನಮಸ್ಕಾರ. ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಮಗಳಿಗೆ ಮೆಲ್ಬರ್ನ್ ಸಿಟಿ ಕ್ಲಬ್‌ನ ಮಹಿಳಾ ತಂಡ ಅಂದ್ರೆ ಪ್ರಾಣ. ಇಲ್ಲಿನ ಕನ್ನಡ ಮಕ್ಕಳಿಗಾಗಿ ಈ ಕ್ಲಬ್‌ನ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

2015-16ರ ಕಥೆ ಸುಲಭ. ಸಿಟಿಗೆ ಅದು ಮೊದಲ ಸೀಸನ್. ಲೀಗ್‌ನ 12 ಪಂದ್ಯಗಳನ್ನೂ ಗೆದ್ದು, ಫೈನಲ್‌ನಲ್ಲಿ ಸಿಡ್ನಿ ಎಫ್‌ಸಿಯನ್ನು 4-1ರಿಂದ ಸೋಲಿಸಿದರು. ಎಂಥಾ ಆಟ ಅಲ್ವಾ!

ತೊಂದರೆ ಇರೋದು ಈಚಿನದರಲ್ಲಿ. 2023-24ರಲ್ಲಿ ಲೀಗ್ ಹಂತದ ಅಂಕಪಟ್ಟಿಯಲ್ಲಿ ಸಿಟಿ ಮೊದಲು, ಆಮೇಲಿನ ಫೈನಲ್ ಗೆದ್ದದ್ದು ಸಿಡ್ನಿ. ಆದರೆ ಏಷ್ಯಾದ ಚಾಂಪಿಯನ್ಸ್ ಲೀಗ್‌ಗೆ (ಬೇರೆ ಬೇರೆ ದೇಶಗಳ ಕ್ಲಬ್‌ಗಳ ಟೂರ್ನಿ) ಹೋದದ್ದು ಸಿಟಿ. 2024-25ರಲ್ಲಿ ಲೀಗ್ ಹಂತದಲ್ಲಿ ಒಂದೂ ಸೋಲದೆ ಸಿಟಿ ಮತ್ತೆ ಮೊದಲು. ಫೈನಲ್‌ನಲ್ಲಿ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್, ಮೆಲ್ಬರ್ನ್ ವಿಕ್ಟರಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿತು. ಇಡೀ ಲೀಗ್ ಹಂತದಲ್ಲಿ ಸೋಲದ ತಂಡಕ್ಕೇ ಹೆಚ್ಚು ಬೆಲೆ ಅಂತ ನನ್ನ ಅನಿಸಿಕೆ.

ಪಟ್ಟಿ, ಫಲಿತಾಂಶ ಎಲ್ಲ ನೋಡಿದೆ. ಸ್ಟೇಡಿಯಂನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ನನ್ನ ಪ್ರಶ್ನೆ: ಏಷ್ಯಾ ಟೂರ್ನಿಗೆ ಪಟ್ಟಿಯಲ್ಲಿ ಮೊದಲು ಬಂದ ತಂಡವೇ ಹೋಗಬೇಕು ಅಂತ ಖಾಯಂ ನಿಯಮ ಇದೆಯಾ, ಇಲ್ಲ ವರ್ಷವರ್ಷವೂ ಬದಲಾಗುತ್ತಾ? ನಿಯಮ ಎಲ್ಲಿ ಓದಬಹುದು ಅಂತಲೂ ಹೇಳಿ.