ಅಮ್ಮನ ಆಧಾರ್ ಬೆರಳಚ್ಚು ಲಾಕ್ ಮಾಡಿಸಬೇಕಾ, ಬೇಡವಾ?

ಸಾಗರದ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮ ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ನಾನಿರುವುದು ಬೆಂಗಳೂರಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ಜಮೀನಿನ ಒಂದು ತುಂಡನ್ನು ಚಿಕ್ಕಪ್ಪನಿಗೆ ಬಿಟ್ಟುಕೊಡಬೇಕಿತ್ತು. ಹೋದ ತಿಂಗಳು ಅದರ ನೋಂದಣಿ ಆಯಿತು. ಅಲ್ಲಿ ಅಮ್ಮನ ಫೋಟೊ, ಹೆಬ್ಬೆಟ್ಟು, ಆಧಾರ್ ಜೆರಾಕ್ಸ್ ಎಲ್ಲ ತೆಗೆದುಕೊಂಡರು.

ಈಗ ಪಕ್ಕದ ಮನೆಯವರು ಅಮ್ಮನಿಗೆ ಹೆದರಿಕೆ ಹುಟ್ಟಿಸಿದ್ದಾರೆ. ನೋಂದಣಿ ಕಾಗದದಿಂದ ಬೆರಳಚ್ಚು ಕದ್ದು ಬ್ಯಾಂಕಿನ ದುಡ್ಡು ಎತ್ತುತ್ತಾರಂತೆ, ಆಧಾರ್ ಲಾಕ್ ಮಾಡಿಸಿ ಅಂತ. ನಿಜವಾ ಇದು?

ನಿಜ ಅಂದರೂ ನನಗೆ ಇನ್ನೊಂದು ಚಿಂತೆ. ಅಮ್ಮನಿಗೆ ಎಲ್ಲವೂ ಹೆಬ್ಬೆಟ್ಟಿನಲ್ಲೇ ನಡೆಯುವುದು. ನ್ಯಾಯಬೆಲೆ ಅಂಗಡಿಯ ಅಕ್ಕಿಗೂ ಬೆರಳು, ಗೃಹಲಕ್ಷ್ಮಿಯ 2,000 ತೆಗೆಯಲು ಬ್ಯಾಂಕ್ ಮಿತ್ರನ ಹತ್ತಿರ ಹೋದರೂ ಬೆರಳು. ಇರುವುದು ಕೀಪ್ಯಾಡ್ ಫೋನ್. ಅಡಿಕೆ ಮಾರಿದ ದುಡ್ಡೂ ಅದೇ ಖಾತೆಯಲ್ಲಿದೆ. ಲಾಕ್ ಮಾಡಿದರೆ ಅಕ್ಕಿ ನಿಂತುಹೋಗುತ್ತದಾ?

ನಮ್ಮ ಯಜಮಾನರು ‘ಸರ್ಕಾರದ ಹತ್ತಿರ ಎಲ್ಲಾ ಇದೆ, ಇನ್ನು ಮುಚ್ಚಿಡೋದು ಏನಿದೆ, ಸುಮ್ನಿರು’ ಅನ್ನುತ್ತಾರೆ. ನನಗೆ ಸಮಾಧಾನ ಆಗುತ್ತಿಲ್ಲ. ತಿಳಿದವರು ಹೇಳಿ.

ಕೋಡುಬಳೆ ಉತ್ತರ:

ನಿಜ. ಮೊದಲು ಲಾಕ್ ಮಾಡಿ, ಆಮೇಲೆ ಉಳಿದದ್ದು. ಆಧಾರ್ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇರುತ್ತದೆ. ಅಮ್ಮನ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಓಟಿಪಿ ಬರುತ್ತದೆ, ಅಷ್ಟೇ. ಬೇಕಾದಾಗ 10 ನಿಮಿಷದ ಮಟ್ಟಿಗೆ ತೆರೆಯಬಹುದು, ತಾನಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ನಾನು, ನನ್ನ ಹೆಂಡತಿ ಇಬ್ಬರದೂ ಲಾಕ್ ಆಗಿದೆ. ಏನೂ ತೊಂದರೆ ಇಲ್ಲ.

ತೀರ್ಥಹಳ್ಳಿ ಸೇವಾಕೇಂದ್ರ ಉತ್ತರ:

ಅಕ್ಕಾ, ನಾನು ಹಳ್ಳಿಯಲ್ಲಿ ಸೇವಾ ಕೇಂದ್ರ ನಡೆಸುತ್ತೇನೆ. ಅರ್ಜಿ, ಪಹಣಿ, ಜೆರಾಕ್ಸ್ ಜೊತೆಗೆ ಬೆರಳಿಟ್ಟು ದುಡ್ಡು ಕೊಡುವ ಕೆಲಸವೂ ಇದೆ. ನಿಮ್ಮ ಅಮ್ಮನಂಥವರನ್ನು ದಿನಾ ನೋಡುತ್ತೇನೆ. ಮೇಲಿನವರು ಹೇಳಿದ್ದು ಸರಿ, ಆದರೆ ಅದು ಸ್ಮಾರ್ಟ್‌ಫೋನ್ ಕೈಯಲ್ಲಿರುವ ನಗರದವರಿಗೆ ಸರಿ. ನಿಮ್ಮ ಅಮ್ಮನಿಗೆ ಹಾಗೇ ಹೊಂದುವುದಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ದುಡ್ಡು ತೆಗೆಯಲು ಬೇಕಾದದ್ದು ಮೂರೇ ಮೂರು. ಆಧಾರ್ ನಂಬರ್, ಯಾವ ಬ್ಯಾಂಕು ಅನ್ನುವುದು, ಮತ್ತೆ ಬೆರಳು. ಇದನ್ನು ಎಇಪಿಎಸ್ ಅನ್ನುತ್ತಾರೆ. ಪಿನ್ ಇಲ್ಲ, ಓಟಿಪಿ ಇಲ್ಲ, ಪಾಸ್‌ಬುಕ್ಕೂ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಓದು ಬರಹ ಬಾರದ ಅಜ್ಜಿಯೂ ಮನೆ ಹತ್ತಿರವೇ ತನ್ನ ದುಡ್ಡು ಪಡೆಯಲಿ ಅಂತ ಮಾಡಿದ್ದು. ಅದಕ್ಕೇ ಓಟಿಪಿ ಇಟ್ಟಿಲ್ಲ. ಕಳ್ಳನಿಗೆ ಅನುಕೂಲ ಆಗಿರುವುದೂ ಅದೇ.

ನೋಂದಣಿ ಕಾಗದದಲ್ಲಿ ಇವುಗಳಲ್ಲಿ ಎರಡು ಒಂದೇ ಕಡೆ ಸಿಗುತ್ತವೆ: ಆಧಾರ್ ನಂಬರ್ ಮತ್ತು ಹೆಬ್ಬೆಟ್ಟು. ಬ್ಯಾಂಕಿನ ಹೆಸರು ಒಂದೊಂದಾಗಿ ಹಾಕಿ ನೋಡಿದರೆ ಸಿಕ್ಕಿಬಿಡುತ್ತದೆ. 2018ರಲ್ಲಿ ತೆಲಂಗಾಣದಲ್ಲಿ ಸಿಮ್ ಮಾರುವ ಒಬ್ಬ, ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚುಗಳಿಂದ ರಬ್ಬರ್ ಸ್ಟ್ಯಾಂಪಿನ ಥರ ಅಚ್ಚು ಮಾಡಿ ಬೇರೆಯವರ ಹೆಸರಲ್ಲಿ ಸಿಮ್ ತೆರೆದು ಸಿಕ್ಕಿಬಿದ್ದಿದ್ದ. 2023ರಲ್ಲಿ ನಮ್ಮಲ್ಲೇ, ಬೆಂಗಳೂರಿನಲ್ಲಿ, ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಹೀಗೆ ದುಡ್ಡು ಹೋಗಿ ಪೊಲೀಸ್ ದೂರುಗಳ ಮೇಲೆ ದೂರು ಬಂದವು. ಆಮೇಲೆ ಸರ್ಕಾರ ಆನ್‌ಲೈನಿನಲ್ಲಿ ಸಿಗುವ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮಕ್ಕೆ ಇಳಿಯಿತು. ಆಧಾರ್ ಪ್ರಾಧಿಕಾರವೂ ಅದೇ ವರ್ಷದ ಫೆಬ್ರವರಿಯಲ್ಲಿ, ಇಟ್ಟದ್ದು ಜೀವಂತ ಬೆರಳೋ ಅಚ್ಚೋ ಅಂತ ಪರೀಕ್ಷಿಸುವ ತಂತ್ರ ತಂದಿತು. ನಮ್ಮಂಥವರ ಹಳೇ ಸ್ಕ್ಯಾನರ್‌ಗಳೂ ಹೋಗಿ ಎಲ್1 ಅನ್ನುವ ಹೊಸ ಸ್ಕ್ಯಾನರ್ ಬಂದವು. ಹಾಗಾಗಿ ಮೊದಲಿನಷ್ಟು ಸಲೀಸಲ್ಲ. ಆದರೆ ಹಳೇ ಕ್ರಯಪತ್ರಗಳ ಪ್ರತಿಗಳು ಯಾರ ಯಾರ ಕಪಾಟಿನಲ್ಲಿವೆಯೋ ಯಾರಿಗೆ ಗೊತ್ತು? ನಿಮ್ಮ ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಯಾವುದಾದರೂ ಪತ್ರಕ್ಕೆ ಒತ್ತಿದ್ದರೆ ಅದೂ ಇದೇ ಹೆಬ್ಬೆಟ್ಟು.

ಈಗ ಅಕ್ಕಿಯ ವಿಷಯ. ಬಯೋಮೆಟ್ರಿಕ್ ಲಾಕ್ ಮಾಡಿದರೆ ಅದು ಬ್ಯಾಂಕಿಗೆ ಬೇರೆ, ರೇಷನ್‌ಗೆ ಬೇರೆ ಅಂತ ಇಲ್ಲ. ಎಲ್ಲದಕ್ಕೂ ಮುಚ್ಚುತ್ತದೆ. ಯಂತ್ರ 330 ಅಂತ ತೋರಿಸುತ್ತದೆ. ಅದು ‘ಬೆರಳು ಬರ್ತಿಲ್ಲ’ ಅನ್ನುವುದಲ್ಲ, ಲಾಕ್ ಆಗಿದೆ ಅಂತ. ಎಷ್ಟೋ ಕಡೆ ಅಂಗಡಿಯವರಿಗೇ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ನನ್ನ ಹತ್ತಿರ ಬರುವ ಹೆಂಗಸರ ಬೆರಳು ಹೇಗೂ ಓದುವುದಿಲ್ಲ. ಸುಲಿದೂ ಸುಲಿದೂ ಗೆರೆಯೇ ಸವೆದಿರುತ್ತದೆ, ಚೊಗರು ಹತ್ತಿ ತುದಿ ಕಪ್ಪಾಗಿರುತ್ತದೆ. ಕೈ ತೊಳೆದು ಬನ್ನಿ ಅನ್ನುತ್ತೇನೆ, ಸೆರಗಿನಲ್ಲಿ ಒರೆಸಿ ಇಡುತ್ತಾರೆ. ಹೆಬ್ಬೆರಳು ಆಗದಿದ್ದರೆ ಉಂಗುರದ ಬೆರಳು, ಅದೂ ಆಗದಿದ್ದರೆ ಎಡಗೈ. ಇಂಥವರಿಗೆ ಇದರ ಮೇಲೆ ಲಾಕ್ ಬೇರೆ ಹಾಕಿ, ತೆರೆಯಲು ಮಗಳಿಗೆ ಬೆಂಗಳೂರಿಗೆ ಫೋನ್ ಮಾಡಿ, ಓಟಿಪಿ ಓದಿ ಹೇಳಿ, 10 ನಿಮಿಷದೊಳಗೆ ಬೆರಳಿಡಿ ಅಂದರೆ? ನೆಟ್‌ವರ್ಕ್ ಇಲ್ಲದ ಊರಲ್ಲಿ ಅಷ್ಟರಲ್ಲಿ ಸಮಯ ಮುಗಿದಿರುತ್ತದೆ.

ಅದಕ್ಕೆ ನಾನಾದರೆ ಹೀಗೆ ಮಾಡುತ್ತಿದ್ದೆ. ಬೆರಳನ್ನು ಅಕ್ಕಿಗೆ ಅಂತ ಹಾಗೇ ಬಿಡಿ, ದುಡ್ಡನ್ನು ಅದರ ದಾರಿಯಿಂದ ದೂರ ಇಡಿ. ಗೃಹಲಕ್ಷ್ಮಿ, ಪಿಂಚಣಿ ಬರುವ ಖಾತೆಗೆ ಆಧಾರ್ ಜೋಡಣೆ ಬೇಕೇಬೇಕು. ಅದರಲ್ಲಿ ತಿಂಗಳ ಖರ್ಚಿನಷ್ಟೇ ಇರಲಿ. ಅಡಿಕೆ ದುಡ್ಡನ್ನು ಬೇರೆ ಬ್ಯಾಂಕಿನ ಖಾತೆಗೆ ಹಾಕಿ, ಆ ಖಾತೆಗೆ ಆಧಾರ್ ಜೋಡಿಸಲೇಬೇಡಿ. ಇಲ್ಲದಿದ್ದರೆ ಠೇವಣಿ ಮಾಡಿ. ಬ್ಯಾಂಕಿನವರು ಜೋಡಿಸಲೇಬೇಕು ಅಂದರೆ ಒಪ್ಪಬೇಡಿ. ಸಬ್ಸಿಡಿ ಬರದ ಖಾತೆಗೆ ಆಧಾರ್ ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದೇ ಹೇಳಿದೆ.

ಯಾರಾದರೂ ಆಧಾರ್ ಜೆರಾಕ್ಸ್ ಕೇಳಿದರೆ ಮಾಸ್ಕ್ ಮಾಡಿದ ಪ್ರತಿ ಕೊಡಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ನನ್ನ ಅಂಗಡಿಯಲ್ಲಿ ಕೆಟ್ಟ ಪ್ರಿಂಟ್ ಬಂದರೆ ಗಿರಾಕಿ ಅದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ನಾನು ಅವರ ಮುಂದೆಯೇ ಹರಿದು ಹಾಕುತ್ತೇನೆ. ಎಲ್ಲರೂ ಹರಿಯುವುದಿಲ್ಲ.

ನಿವೃತ್ತ ಗುಮಾಸ್ತ ಉತ್ತರ:

ಎಲ್ಲರೂ ಹೆದರಿಸುವವರೇ ಆದರು. ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೊದಲು ಹೇಗಿತ್ತು ಅಂತ ಈಗಿನವರಿಗೆ ಗೊತ್ತಿಲ್ಲ. 2000ದ ಸುಮಾರಿಗೆ ಭೂಮಿ ಯೋಜನೆ ಬರುವವರೆಗೆ ಪಹಣಿ ಕೈಬರಹದಲ್ಲಿತ್ತು. ಒಂದು ಪಹಣಿಗೆ ರೈತ ಎಷ್ಟು ಸಲ ಅಲೆಯಬೇಕಿತ್ತು, ಯಾರ್ಯಾರ ಕೈ ಬಿಸಿ ಮಾಡಬೇಕಿತ್ತು! ಸತ್ತವರ ಹೆಸರಲ್ಲಿ ಪಿಂಚಣಿ ತಿಂದವರನ್ನು ನಾನು ಕಂಡಿದ್ದೇನೆ. ಒಂದೇ ಮನೆಗೆ ಎರಡು ಮೂರು ರೇಷನ್ ಕಾರ್ಡ್ ಇದ್ದವು. ಇವತ್ತು ಸಂಧ್ಯಾ ಸುರಕ್ಷಾ ದುಡ್ಡು ನೇರ ಅಜ್ಜಿಯ ಖಾತೆಗೆ ಬೀಳುತ್ತದೆ. ನಡುವೆ ಯಾರೂ ಕೈ ಚಾಚುವ ಹಾಗಿಲ್ಲ. ಇದು ಸಣ್ಣ ಮಾತಾ?

ನಮ್ಮ ಬೆಂಗಳೂರಿನ ನಂದನ್ ನಿಲೇಕಣಿಯವರು 2009ರಲ್ಲಿ ಈ ಪ್ರಾಧಿಕಾರದ ಮೊದಲ ಅಧ್ಯಕ್ಷರಾಗಿ ಹೋದಾಗ ನಮಗೆಲ್ಲ ಹೆಮ್ಮೆಯಾಗಿತ್ತು. ಈಗಲೂ ಇದೆ. ನಾಲ್ಕು ಜನ ಕಳ್ಳರಿದ್ದಾರೆ ಅಂತ ಇಡೀ ವ್ಯವಸ್ಥೆಯನ್ನೇ ಅನುಮಾನಿಸಬೇಡಿ. ಬಡವರಿಗೆ ಖಾಸಗಿತನಕ್ಕಿಂತ ಅಕ್ಕಿ ಮುಖ್ಯ.

ತೀರ್ಥಹಳ್ಳಿ ಸೇವಾಕೇಂದ್ರ ಉತ್ತರ:

ಸರ್, ನೀವು ಹೇಳಿದ ಮೊದಲ ಅರ್ಧಕ್ಕೆ ನಾನು ಕೈ ಎತ್ತುತ್ತೇನೆ. ನನ್ನ ಅಜ್ಜಿಯ ಪಿಂಚಣಿಗೆ ನಾವೂ ಅಲೆದಿದ್ದೇವೆ. ಬೆರಳಿಟ್ಟು ದುಡ್ಡು ಕೊಡುವ ಕೆಲಸವೇ ನನ್ನ ಅನ್ನ. ಅದು ನಿಲ್ಲಲಿ ಅಂತ ನಾನು ಯಾಕೆ ಹೇಳಲಿ?

ಆದರೆ ಅಕ್ಕಿ ಬೇಕಾದವರಿಗೆ ಖಾಸಗಿತನ ಬೇಡ ಅನ್ನುವುದನ್ನು ಒಪ್ಪಲಾರೆ. ದುಡ್ಡು ಹೋದರೆ ತಡೆದುಕೊಳ್ಳುವ ಶಕ್ತಿ ಅವರಿಗೇ ಕಮ್ಮಿ. ಬೆಂಗಳೂರಿನಲ್ಲಿ ಸಂಬಳದವರ ಖಾತೆಯಿಂದ 10,000 ಹೋದರೆ ಕೋಪ ಬರುತ್ತದೆ. ನಮ್ಮೂರಲ್ಲಿ ಒಬ್ಬ ತಾಯಿ ಪಾಸ್‌ಬುಕ್ ಹಿಡಿದುಕೊಂಡು ಬಂದು ‘ಇದೇನು ಬರ್ದಿದಾರೆ ನೋಡು ತಮ್ಮಾ’ ಅಂದರು. ಎಇಪಿಎಸ್ ಅಂತ ಸಾಲು ಇತ್ತು, ಹೆಸರೇ ಕೇಳದ ಊರು ಇತ್ತು. ಮಗಳ ಹೆರಿಗೆಗೆ ಅಂತ ಇಟ್ಟ ದುಡ್ಡು. ಮೊಬೈಲ್ ನಂಬರ್ ಬದಲಾಗಿದ್ದರಿಂದ ಮೆಸೇಜೂ ಬಂದಿರಲಿಲ್ಲ. ಅವರು ನನ್ನನ್ನೇ ನೋಡುತ್ತಾ ನಿಂತರು, ಯಾಕೆಂದರೆ ಅವರು ಬೆರಳಿಟ್ಟಿದ್ದು ನನ್ನ ಅಂಗಡಿಯಲ್ಲಿ ಮಾತ್ರ. ಆ ನೋಟ ನನಗೆ ಮರೆಯಲು ಆಗುವುದಿಲ್ಲ.

ಸರ್ಕಾರಕ್ಕೆ ನಾನು ಕೇಳುವುದು ಒಂದೇ. ಬೆರಳಿನಿಂದ ದುಡ್ಡು ತೆಗೆಯುವ ಬಾಗಿಲು ಎಲ್ಲರಿಗೂ ತೆರೆದೇ ಇರಬೇಕು ಅಂತ ಯಾಕೆ? ಅದು ಮುಚ್ಚಿರಲಿ. ಬೇಕಾದವರು ಬ್ಯಾಂಕಿಗೆ ಹೋಗಿ ಒಂದು ಸಲ ತೆರೆಸಿಕೊಳ್ಳಲಿ, ದಿನಕ್ಕೆ ಎಷ್ಟು ಅಂತ ಮಿತಿಯನ್ನೂ ಅವರೇ ಹೇಳಲಿ. ರೇಷನ್‌ಗೆ ಬೇರೆ, ದುಡ್ಡಿಗೆ ಬೇರೆ ಲಾಕ್ ಇರಲಿ. ಈಗ ಇರುವುದು ತಿರುಗಾಮುರುಗಾ. ಎಲ್ಲ ತೆರೆದಿಟ್ಟು, ಮುಚ್ಚಿಕೊಳ್ಳುವ ಜವಾಬ್ದಾರಿ ಓದು ಬಾರದವರ ಮೇಲೆ ಹಾಕಿದ್ದಾರೆ.

ಜನರಿಗೆ ಹೇಳುವುದರಲ್ಲೂ ಗೊಂದಲ. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಕಚೇರಿ, ಆಧಾರ್ ಜೆರಾಕ್ಸ್ ಕಂಡ ಕಂಡವರಿಗೆ ಕೊಡಬೇಡಿ, ಮಾಸ್ಕ್ ಮಾಡಿದ್ದು ಕೊಡಿ ಅಂತ ಪ್ರಕಟಣೆ ಕೊಟ್ಟಿತು. ಒಳ್ಳೇ ಮಾತು. ಮೇ 29ರಂದು ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು, ಜನ ತಪ್ಪು ತಿಳಿಯಬಹುದು ಅಂತ ಕಾರಣ ಕೊಟ್ಟು. ಆ ಎರಡು ದಿನ ನನ್ನ ಅಂಗಡಿಗೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಮೂರನೇ ದಿನ ಮತ್ತೆ ಎಲ್ಲರೂ ಪೂರ್ತಿ ನಂಬರ್ ಇರುವ ಜೆರಾಕ್ಸನ್ನೇ ತೆಗೆಸಿಕೊಂಡು ಹೋದರು.

ಅಕ್ಕಾ, ನಿಮ್ಮ ಯಜಮಾನರಿಗೂ ಒಂದು ಮಾತು. ಖಾಸಗಿತನ ಅಂದರೆ ಕದ್ದು ಏನೋ ಮಾಡುವುದಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 80 ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರಿಗೆ ಮುಚ್ಚಿಡುವಂಥದ್ದು ಏನಿತ್ತು ಹೇಳಿ? 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಸರ್ಕಾರದ ಹತ್ತಿರ ನನ್ನ ಬೆರಳಚ್ಚು ಇರುವುದಕ್ಕೆ ನನ್ನ ತಕರಾರಿಲ್ಲ. ಅದು ಎಲ್ಲೆಲ್ಲಿ ಹೋಗುತ್ತದೆ, ಯಾರು ನೋಡುತ್ತಾರೆ ಅನ್ನುವುದಕ್ಕೆ ಉತ್ತರ ಕೊಡಬೇಕು. ಅಷ್ಟು ಕೇಳುವ ಹಕ್ಕು ಹೆಬ್ಬೆಟ್ಟು ಒತ್ತಿದವರಿಗಿದೆ.

ಬ್ಯಾಂಕ್ ಕೌಂಟರ್ ಉತ್ತರ:

ಬ್ಯಾಂಕಿನ ಕಡೆಯಿಂದ ಎರಡು ವಿಷಯ. ಒಂದು, ಈಗ ಹಲವು ಬ್ಯಾಂಕ್‌ಗಳಲ್ಲಿ ಎಇಪಿಎಸ್ ಮೂಲಕ ಹಣ ತೆಗೆಯುವುದನ್ನು ಮಾತ್ರ ನಿಲ್ಲಿಸಿ ಅಂತ ಅರ್ಜಿ ಕೊಡಬಹುದು. ಆಧಾರ್ ಜೋಡಣೆ ಹಾಗೇ ಇರುತ್ತದೆ, ಗೃಹಲಕ್ಷ್ಮಿ ಬರುತ್ತಲೇ ಇರುತ್ತದೆ. ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಬಿಡಬೇಡಿ.

ಎರಡು, ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಅದೇ ದಿನ ಬ್ಯಾಂಕಿಗೂ ಬರೆದು ಕೊಡಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ತಂದ ನಿಯಮದ ಪ್ರಕಾರ, ಗ್ರಾಹಕರ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಮೋಸ ಆಗಿದ್ದರೆ, 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಹೊರಿಸುವಂತಿಲ್ಲ. ತಿಳಿಸಿದ 10 ಕೆಲಸದ ದಿನಗಳೊಳಗೆ ಖಾತೆಗೆ ಹಣ ಜಮಾ ಮಾಡಬೇಕು. ತಪ್ಪು ಗ್ರಾಹಕರದು ಅಂತ ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದೇ. ದಿನ ಎಣಿಸುವುದು ಬ್ಯಾಂಕಿನಿಂದ ಮೆಸೇಜ್ ಬಂದಾಗಿನಿಂದ. ಅದಕ್ಕೇ ಅಮ್ಮನ ಈಗಿನ ಮೊಬೈಲ್ ನಂಬರ್ ಖಾತೆಯಲ್ಲಿ ಇದೆಯಾ ಅಂತ ಮೊದಲು ನೋಡಿ. ಕೀಪ್ಯಾಡ್ ಫೋನಿಗೂ ಮೆಸೇಜ್ ಬರುತ್ತದೆ.

ಸಾಗರದ ಮಗಳು:

ಎಲ್ಲರಿಗೂ ತುಂಬಾ ಧನ್ಯವಾದ. ಈ ವಾರ ರಜೆ ಹಾಕಿ ಊರಿಗೆ ಹೋಗುತ್ತಿದ್ದೇನೆ. ಅಡಿಕೆ ದುಡ್ಡು ಠೇವಣಿ, ಎಇಪಿಎಸ್ ನಿಲ್ಲಿಸುವ ಅರ್ಜಿ, ಮೊಬೈಲ್ ನಂಬರ್ ಮೂರೂ ಒಂದೇ ದಿನ ಮುಗಿಸುತ್ತೇನೆ. ಬೆರಳು ಅಕ್ಕಿಗೆ ಹಾಗೇ ಇರಲಿ.

ಒಂದೇ ಪ್ರಶ್ನೆ ಉಳಿಯಿತು. ಎಇಪಿಎಸ್ ನಿಲ್ಲಿಸಿದರೆ ಗೃಹಲಕ್ಷ್ಮಿ ದುಡ್ಡು ತೆಗೆಯಲು ಅಮ್ಮ ಸಾಗರಕ್ಕೇ ಬಸ್ ಹತ್ತಬೇಕಲ್ವಾ?

ತೀರ್ಥಹಳ್ಳಿ ಸೇವಾಕೇಂದ್ರ:

ಹೌದು ಅಕ್ಕಾ, ಆ ಖಾತೆಗೆ ನಿಲ್ಲಿಸಿದರೆ ಹತ್ತಬೇಕು. ಅದಕ್ಕೇ ಅರ್ಜಿಯನ್ನು ಆ ಖಾತೆಗೆ ಕೊಡಬೇಡಿ. ಮೊದಲು ದೊಡ್ಡ ದುಡ್ಡು ಅಲ್ಲಿಂದ ಠೇವಣಿಗೆ ಹೋಗಲಿ. 2,000 ಬರುವ ಖಾತೆ ಅಮ್ಮನಿಗೆ ಊರಲ್ಲೇ ಸಿಗುವ ಹಾಗೆ ತೆರೆದಿರಲಿ, ಬಂದದ್ದನ್ನು ಆಗಾಗ ತೆಗೆಯುತ್ತಿರಲಿ. ಬೇರೆ ಬ್ಯಾಂಕಿನಲ್ಲಿ ಖಾತೆ ಇದ್ದು ಅದಕ್ಕೆ ಈಗಾಗಲೇ ಆಧಾರ್ ಜೋಡಿಸಿದ್ದರೆ ಅರ್ಜಿ ಅಲ್ಲಿ ಕೊಡಿ. ಹೋಗುವಾಗ ಅಮ್ಮನ ಪಾಸ್‌ಬುಕ್‌ಗಳನ್ನೆಲ್ಲ ತೆಗೆದುಕೊಂಡು ಹೋಗಿ, ಎಂಟ್ರಿ ಹಾಕಿಸಿ, ಎಇಪಿಎಸ್ ಅಂತ ಇರುವ ಸಾಲುಗಳನ್ನು ಅಮ್ಮನ ಜೊತೆ ಕೂತು ಒಂದೊಂದಾಗಿ ನೋಡಿ.