ಅಪ್‌ಡೇಟ್: ಅಮ್ಮನಿಗಿದ್ದದ್ದು ಗ್ಯಾಸ್ ಅಲ್ಲ

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ. ಅಮ್ಮನಿಗೆ 58 ವರ್ಷ, ದಿನಾ ಹೊಟ್ಟೆ ಉಬ್ಬರ, ಅರ್ಧ ಮುದ್ದೆಗೇ ಸಾಕು ಅಂತಾರೆ, ಗ್ಯಾಸ್ ಮಾತ್ರೆಗೆ ಬಗ್ಗುತ್ತಿಲ್ಲ, ಏನು ಮಾಡಲಿ ಅಂತ. ಸ್ತ್ರೀರೋಗ ತಜ್ಞರಿಗೆ ತೋರಿಸಿ ಎಂದವರಿಗೆಲ್ಲ ಥ್ಯಾಂಕ್ಸ್.

ಅಮ್ಮ ಸುಲಭಕ್ಕೆ ಒಪ್ಪಲಿಲ್ಲ. "ಮುಟ್ಟು ನಿಂತು ಎಂಟು ವರ್ಷ ಆಯ್ತು, ಈಗ್ಯಾಕೆ ಆ ಡಾಕ್ಟರು?" ಅಂದರು. ಅಲ್ಲಿ ಕೇಳಿದ ಮೊದಲ ಪ್ರಶ್ನೆಯೇ, ಪದೇ ಪದೇ ಮೂತ್ರಕ್ಕೆ ಹೋಗ್ತೀರಾ ಅಂತ. ಹೌದಂತೆ. ನಮಗೆ ಹೇಳಿಯೇ ಇರಲಿಲ್ಲ! ಸ್ಕ್ಯಾನ್‌ನಲ್ಲಿ ಎಡ ಅಂಡಾಶಯದಲ್ಲಿ ಗಡ್ಡೆ ಕಂಡಿತು. ರಕ್ತಪರೀಕ್ಷೆಯಲ್ಲಿ, ಅಂಡಾಶಯದ ಕ್ಯಾನ್ಸರ್ ಇದ್ದರೆ ಏರಬಹುದಾದ ಸಿಎ-125 ಎಂಬ ಅಂಶ ನೋಡಿದರು. ಸಾಮಾನ್ಯವಾಗಿ 35ರ ಒಳಗಿರಬೇಕಾದದ್ದು 210 ಬಂತು. ಆಪರೇಷನ್ ಆಯಿತು. ಕ್ಯಾನ್ಸರೇ, ಆದರೆ ಮೊದಲ ಹಂತ. ಕೀಮೋ ಎರಡು ಸುತ್ತು ಮುಗಿದಿದೆ.

ನೀನೂ ಸಿಎ-125 ಮಾಡಿಸಿಕೋ ಎಂದು ಕೆಲವರು ಹೇಳಿದ್ದಿರಿ. ಡಾಕ್ಟರನ್ನು ಕೇಳಿದೆ. ತೊಂದರೆ ಇಲ್ಲದವರು ಸುಮ್ನೆ ಮಾಡಿಸೋದು ಬೇಡ ಅಂದರು. ಮುಟ್ಟಿನ ಸಮಯದಲ್ಲಿ, ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಇದ್ದರೂ ಅದು ಏರಬಹುದು. ಕ್ಯಾನ್ಸರ್ ಇದ್ದೂ ಶುರುವಿನಲ್ಲಿ ಏರದೆ ಇರಬಹುದು. ಬ್ರಿಟನ್‌ನಲ್ಲಿ ಸುಮಾರು 2 ಲಕ್ಷ ಹೆಂಗಸರ ಅಧ್ಯಯನ ನಡೆದಿತ್ತು. ಹೀಗೆ ತಪಾಸಣೆ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ ಎಂದು 2021ರಲ್ಲಿ ಗೊತ್ತಾಯಿತು. ಪ್ಯಾಪ್ ಸ್ಮಿಯರ್ ಇರುವುದು ಗರ್ಭಕಂಠಕ್ಕೆ, ಅಂಡಾಶಯಕ್ಕಲ್ಲ. ನಾನು ಇಷ್ಟು ದಿನ ಎರಡೂ ಒಂದೇ ಅಂದುಕೊಂಡಿದ್ದೆ.

ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು ಎಂದಾಗ ಅಮ್ಮನಿಗೆ ಬಿಆರ್‌ಸಿಎ ಜೀನ್ ಪರೀಕ್ಷೆ ಬರೆದರು, ಈ ಎರಡೂ ಕ್ಯಾನ್ಸರ್ ವಂಶದಲ್ಲಿ ಬರುವಂಥದ್ದಾ ಅಂತ ನೋಡೋಕೆ. ರಿಪೋರ್ಟ್ ಬಂದ ಮೇಲೆ ನನ್ನದು, ಅಕ್ಕನದು.

ನಿನ್ನೆ ಅಮ್ಮ ಒಂದು ಮುದ್ದೆ ಪೂರ್ತಿ ಉಂಡರು.