ಕನ್ನಡ ಮಾಧ್ಯಮದ ಹತ್ತನೆಯ ತರಗತಿಯವರನ್ನು ಪಿಯುಸಿ ವಿಜ್ಞಾನಕ್ಕೆ ಅಣಿಗೊಳಿಸುವುದು ಹೇಗೆ?

ಬಾಗೇಪಲ್ಲಿ ಮೇಷ್ಟ್ರು
ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ದಿನದಿಂದ ಎಲ್ಲವೂ ಇಂಗ್ಲಿಷ್. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 571 ತೆಗೆದ ಹುಡುಗ ದಸರಾ ರಜೆಯಲ್ಲಿ ಸಿಕ್ಕಿ, ಕಲಾ ವಿಭಾಗಕ್ಕೆ ಹೋಗುತ್ತೇನೆ ಎಂದ. ನ್ಯೂಟನ್‌ನ ಎರಡನೆಯ ನಿಯಮ ಮರೆತೆಯಾ ಎಂದು ಕೇಳಿದೆ. ನನ್ನ ಬೈಕಿನ ಸೀಟಿನ ಧೂಳಿನಲ್ಲೇ ಸೂತ್ರ ಬರೆದು ತೋರಿಸಿದ. ‘ಆಕ್ಸಿಲರೇಷನ್ ಎಂದರೆ ನಮ್ಮ ವೇಗೋತ್ಕರ್ಷವೇ ಎಂದು ತಿಳಿಯಲು ಹದಿನೈದು ದಿನ ಬೇಕಾಯಿತು ಸಾರ್’ ಎಂದ.

ನಲವತ್ತು ನಿಮಿಷದ ಪೀರಿಯಡ್ಡಿನೊಳಗೇ ಏನು ಮಾಡಬಹುದು? ಬೇಸಿಗೆ ಶಿಬಿರದ ಸಲಹೆ ಬೇಡ. ಆಗ ಮಕ್ಕಳು ಮಾವಿನ ತೋಪಿನಲ್ಲಿ ಕೂಲಿಗೆ ಇರುತ್ತಾರೆ.

ನಿವೃತ್ತ ಉಪನ್ಯಾಸಕ, ಚಿಂತಾಮಣಿ
ತೊಡಕು ಪದಗಳದ್ದು ಮಾತ್ರವಲ್ಲ. ನೀವು ಬೋರ್ಡಿನ ಮೇಲೆ ಪ್ರಶ್ನೋತ್ತರ ಬರೆಯುತ್ತೀರಿ, ಅವರು ಇಳಿಸಿಕೊಳ್ಳುತ್ತಾರೆ. ನಾವು ಮಾತನಾಡುತ್ತಾ ಹೋಗುತ್ತೇವೆ. ಯಾವುದನ್ನು ಬರೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯಾರೂ ಹೇಳುವುದಿಲ್ಲ. (ಹೇಳಬೇಕಿತ್ತು. ನಾನೂ ಹೇಳಲಿಲ್ಲ.) ವಾರಕ್ಕೊಮ್ಮೆ ಹತ್ತು ನಿಮಿಷ ಸೀಮೆಸುಣ್ಣ ಮುಟ್ಟದೆ ಪಾಠ ಮಾಡಿ. ಕೇಳಿದ್ದನ್ನು ಯಾವ ಭಾಷೆಯಲ್ಲಾದರೂ ಬರೆದುಕೊಳ್ಳಲಿ.

ಗಣಿತ ಶಿಕ್ಷಕಿ, ಗೌರಿಬಿದನೂರು
ಸೀಮೆಸುಣ್ಣ ಮುಟ್ಟದಿದ್ದರೆ ಫಲಿತಾಂಶ ಎಲ್ಲಿಂದ ಬರಬೇಕು ಸರ್? ಸಭೆಗಳಲ್ಲಿ ನಮ್ಮನ್ನು ಕೇಳುವುದು ಎಷ್ಟು ಮಂದಿ ಪಾಸಾದರು ಎಂದಷ್ಟೇ. ನಾನು ಬೋರ್ಡಿನ ಬಲ ಅಂಚಿಗೆ ಒಂದು ಗೆರೆ ಎಳೆದು, ಅಂದಿನ ಪದಗಳ ಇಂಗ್ಲಿಷ್ ರೂಪವನ್ನು ಅಲ್ಲಿ ಬರೆಯುತ್ತೇನೆ: ಛೇದ, ಡಿನಾಮಿನೇಟರ್, ವರ್ಗಮೂಲ, ಸ್ಕ್ವೇರ್ ರೂಟ್, ಬಹುಪದೋಕ್ತಿ, ಪಾಲಿನಾಮಿಯಲ್. ಪಾಠ ಮುಗಿಯುವವರೆಗೆ ಅದನ್ನು ಒರೆಸುವುದಿಲ್ಲ. ಅಂದ ಹಾಗೆ, ಕಲಾ ವಿಭಾಗಕ್ಕೆ ಹೋಗುವುದು ಸೋಲು ಎಂಬ ಧಾಟಿಯಲ್ಲಿ ಬರೆದಿದ್ದೀರಿ. ಆ ಹುಡುಗನಿಗೆ ಹಾಗೆ ಹೇಳಿಲ್ಲ ತಾನೇ?

ಬಿಎಸ್ಸಿ ಎರಡನೆಯ ವರ್ಷ, ಕೋಲಾರ
ನಾನೂ ಕನ್ನಡ ಮಾಧ್ಯಮದವಳು. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಹತ್ತನೆಯ ತರಗತಿ ವಿಜ್ಞಾನದ ಇಂಗ್ಲಿಷ್ ಮಾಧ್ಯಮದ ಪ್ರತಿ ಉಚಿತವಾಗಿ ಸಿಗುತ್ತದೆ. ಕನ್ನಡದಲ್ಲಿ ಪಾಠ ಅರ್ಥವಾದ ಮೇಲೆ ಅದೇ ಪಾಠವನ್ನು ಅದರಲ್ಲಿ ಓದುತ್ತಿದ್ದೆ. ಆದರೆ ಪದ ಗೊತ್ತಿದ್ದೂ ಎದ್ದು ನಿಂತು ಸಂದೇಹ ಕೇಳಲು ಫೆಬ್ರವರಿಯವರೆಗೆ ಬಾಯಿ ಬರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳುವುದನ್ನಾದರೂ ನಿಮ್ಮ ಮುಂದೆಯೇ ಅಭ್ಯಾಸ ಮಾಡಿಸಿ ಮೇಷ್ಟ್ರೇ. ತಪ್ಪಿದರೆ ನಗಬೇಡಿ.

ಬಾಗೇಪಲ್ಲಿ ಮೇಷ್ಟ್ರು
ಹೇಳಿದ್ದೆ ಮೇಡಂ. ಹಾಗೆಯೇ ಹೇಳಿದ್ದೆ. ನಾಳೆ ಅವನ ಮನೆಗೆ ಹೋಗಿ ಬರುತ್ತೇನೆ.

ಇಂದು ವಕ್ರೀಭವನದ ಪಾಠ. ಉಪನ್ಯಾಸಕರು ಹೇಳಿದಂತೆ ಹತ್ತು ನಿಮಿಷ ಬರಿಯ ಮಾತು. 38 ಮಕ್ಕಳಲ್ಲಿ ನಾಲ್ವರು ಬರೆದುಕೊಂಡರು. ಉಳಿದವರು ನಾನು ಬೋರ್ಡಿನ ಕಡೆಗೆ ಯಾವಾಗ ತಿರುಗುತ್ತೇನೆಂದು ಪೆನ್ನು ಹಿಡಿದು ಕಾದಿದ್ದರು. ನಾಲ್ವರಲ್ಲಿ ಒಬ್ಬಳು ತೆಲುಗನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದಳು. ಅವಳದೇ ಎಲ್ಲರಿಗಿಂತ ಚೆನ್ನಾಗಿತ್ತು.